ಅಂಗಡಿಯವರ ಕೆಲಸ, ಹುಡುಗರ ಪ್ರಾಜೆಕ್ಟ್: ನಡುವೆ ನಿಂತು ಮಾಡಿಸುವುದು ಹೇಗೆ?

ಕೊನೆ ವರ್ಷದ ಪ್ರಾಜೆಕ್ಟ್ ಎಷ್ಟೋ ಕಡೆ ಹೇಗೆ ಮುಗಿಯುತ್ತದೆ ಅಂತ ಗೊತ್ತೇ ಇದೆ. ದುಡ್ಡು ಕೊಟ್ಟರೆ ಕೋಡ್, ರಿಪೋರ್ಟ್, ಪಿಪಿಟಿ ಎಲ್ಲ ಒಟ್ಟಿಗೆ ಸಿಗುತ್ತದೆ. ವೈವಾ ಹಿಂದಿನ ರಾತ್ರಿ ಬಾಯಿಪಾಠ, ಅಷ್ಟೇ. ಬಿಸಿಎ ಇರಲಿ ಬಿಇ ಇರಲಿ, ಮೂರ್ನಾಲ್ಕು ವರ್ಷ ಓದಿದವರು ತಾವು ಬರೆದ ಪ್ರೋಗ್ರಾಂ ಅನ್ನು ಬೇರೆ ಯಾರೋ ದಿನಾ ಬಳಸುವುದನ್ನು ಒಮ್ಮೆಯೂ ನೋಡದೆ ಕೆಲಸ ಹುಡುಕಲು ಹೊರಡುತ್ತಾರೆ.

ಇದನ್ನು ಸರಿಮಾಡಲು ಬೆಂಗಳೂರಿನ ಕಂಪನಿಯೇ ಬೇಕು ಅಂತಿಲ್ಲ. ರಾಣೆಬೆನ್ನೂರು, ದಾವಣಗೆರೆಯಂಥ ಊರಲ್ಲಿ ಬೀಜ-ಗೊಬ್ಬರದ ಅಂಗಡಿ, ಮೆಡಿಕಲ್ ಶಾಪ್, ಪ್ರಿಂಟಿಂಗ್ ಪ್ರೆಸ್ ಬೇಕಾದಷ್ಟಿವೆ. ನೀವು ಲೆಕ್ಚರರ್ ಆಗಿದ್ದರೆ, ಅಥವಾ ಸಾಫ್ಟ್‌ವೇರ್ ಕೆಲಸದಲ್ಲಿದ್ದು ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳುವ ಹಾಗಿದ್ದರೆ, ನಾಲ್ಕು ಜನ ಹುಡುಗರ ತಂಡದಿಂದ ಇಂಥ ಒಂದು ಅಂಗಡಿಗೆ ನಿಜವಾಗಿ ಬಳಕೆಯಾಗುವ ಪ್ರಾಜೆಕ್ಟ್ ಮಾಡಿಸಬಹುದು.

ಅಂಗಡಿಗೆ ಹೋಗಿ "ನಿಮಗೊಂದು ಆ್ಯಪ್ ಮಾಡಿಕೊಡ್ತೀವಿ" ಅನ್ನಬೇಡಿ. ಅಮೆಜಾನ್ ತರಹದ್ದು ಬೇಕು ಅಂತಾರೆ, ಇಲ್ಲಾಂದ್ರೆ ನಮ್ಮಲ್ಲಿ ಟ್ಯಾಲಿ (ಲೆಕ್ಕ ಇಡುವ ಸಾಫ್ಟ್‌ವೇರ್) ಇದೆ, ಏನೂ ಬೇಡ ಅಂತಾರೆ. ಬದಲಿಗೆ "ಯಾವ ಕೆಲಸಕ್ಕೆ ಕೂತರೆ ನಿಮಗೆ ತಲೆ ಕೆಡುತ್ತೆ ಯಜಮಾನ್ರೇ?" ಅಂತ ಕೇಳಿ. ಮೆಡಿಕಲ್ ಶಾಪಿನವರು ಎಕ್ಸ್‌ಪೈರಿ ಹತ್ತಿರ ಬಂದ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ವಾಪಸ್ ಕಳಿಸಲು ಮರೆಯುತ್ತೇವೆ ಅನ್ನಬಹುದು. ಪ್ರೆಸ್‌ನವರು ಮದುವೆ ಕಾರ್ಡಿನ ಪ್ರೂಫ್ ಯಾವುದು ಓಕೆ ಆಯಿತು, ಯಾವುದು ಆಗಲಿಲ್ಲ ಅಂತ ವಾಟ್ಸಾಪ್‌ನಲ್ಲಿ ಹುಡುಕುವ ಗೋಳು ಹೇಳಬಹುದು. ಗೊಬ್ಬರದ ಅಂಗಡಿಯಲ್ಲಿ ಅದು ಉದ್ರಿ. ಇಂಥದ್ದು ಒಂದೇ ಒಂದು ಹಿಡಿದುಕೊಳ್ಳಿ. ಬಿಲ್ಲಿಂಗ್‌ಗೆ ಮಾತ್ರ ಕೈ ಹಾಕಬೇಡಿ. ಜಿಎಸ್‌ಟಿ ಲೆಕ್ಕ ತಪ್ಪಿದರೆ ನೋಟಿಸ್ ಬರುವುದು ಅಂಗಡಿಯವರಿಗೆ, ಹುಡುಗರಿಗಲ್ಲ.

ಅವರ ಹೊತ್ತು ನೋಡಿಕೊಂಡು ಹೋಗಬೇಕು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಕೊನೆ ದಿನ. ಆ ದಿನಗಳ ಆಸುಪಾಸು ಹೋದರೆ ಮಾತಿಗೆ ಸಿಗುವುದಿಲ್ಲ. ಗೊಬ್ಬರದ ಅಂಗಡಿಗೆ ಮುಂಗಾರು ಬಿತ್ತನೆ ಸಮಯದಲ್ಲಂತೂ ಹೋಗಲೇಬೇಡಿ. ಇತ್ತ ಕಾಲೇಜಿನ ಇಂಟರ್ನಲ್ಸ್ ಯಾವಾಗ ಅಂತ ಮೊದಲೇ ಬರೆದಿಟ್ಟುಕೊಳ್ಳಿ, ಆ ವಾರ ಯಾರೂ ಕೋಡ್ ಮುಟ್ಟುವುದಿಲ್ಲ.

ಮೊದಲ ಎರಡು ವಾರ ಲ್ಯಾಪ್‌ಟಾಪ್ ತೆಗೆಯುವ ಹಾಗಿಲ್ಲ ಅಂತ ಹೇಳಿಬಿಡಿ. ಅಂಗಡಿಯಲ್ಲಿ ಸುಮ್ನೆ ಕೂತು ನೋಡಲಿ. ಅಸಲಿ ಕಲಿಕೆ ಇರುವುದು ಇಲ್ಲೇ. ಗೊಬ್ಬರದ ಅಂಗಡಿಯ ಉದ್ರಿ ಪುಸ್ತಕ ತೆರೆದರೆ ಐದು ಜನ ಬಸವರಾಜರು ಸಿಗುತ್ತಾರೆ. ಒಬ್ಬ "ಬಸಣ್ಣ ಟ್ರ್ಯಾಕ್ಟರ್", ಇನ್ನೊಬ್ಬ "ಬಸಣ್ಣ ಕೆರೆ ಹಿಂದೆ". ಒಬ್ಬನ ಖಾತೆಯಲ್ಲಿ ಅವನ ಅಳಿಯನೂ ಯೂರಿಯಾ ಒಯ್ದಿರುತ್ತಾನೆ. ಬಾಕಿ ತೀರುವುದು ತಿಂಗಳ ಕೊನೆಗಲ್ಲ, ಮೆಕ್ಕೆಜೋಳ ಮಾರಿದ ಮೇಲೆ, ಅದೂ ಎರಡು ಮೂರು ಕಂತಿನಲ್ಲಿ. ಕಾಲೇಜಿನಲ್ಲಿ ಕಲಿತ ಹಾಗೆ ಫಸ್ಟ್ ನೇಮ್, ಲಾಸ್ಟ್ ನೇಮ್, ಇಮೇಲ್ ಕಡ್ಡಾಯ ಅಂತ ಫಾರ್ಮ್ ಮಾಡಿದರೆ ಅದು ಇಲ್ಲಿ ಮೊದಲ ದಿನವೇ ಬಿದ್ದುಹೋಗುತ್ತದೆ. ನೀವಾಗಿ ಉತ್ತರ ಹೇಳಿಕೊಡಬೇಡಿ. "ಇಬ್ಬರು ಬಸಣ್ಣ ಒಟ್ಟಿಗೆ ಬಂದರೆ ಏನ್ ಮಾಡ್ತೀರಿ?" ಅಂತ ಕೇಳಿ ಬಿಟ್ಟುಬಿಡಿ. ಒದ್ದಾಡಲಿ.

ಹಳೇ ಗಿರಾಕಿಗಳ ಪಟ್ಟಿ ಕಂಪ್ಯೂಟರ್‌ನಲ್ಲಿದ್ದರೆ ಅದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿರುವ ಸಾಧ್ಯತೆ ಜಾಸ್ತಿ. ಹಾಗೇ ಡೇಟಾಬೇಸ್‌ಗೆ ತುಂಬಿದರೆ ಹೆಸರುಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿದೆಯಾ ಅಂತ ಒಬ್ಬರು ಕೂತು ಕಣ್ಣಲ್ಲೇ ನೋಡಬೇಕು.

ನಿಮ್ಮ ಪಾಲಿನ ಕೆಲಸ ವಾರಕ್ಕೊಂದು ಭೇಟಿ. ದಿನ, ಹೊತ್ತು ಬದಲಾಗಬಾರದು. ಏನು ಮಾಡಿದಿರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಅಂಗಡಿಯವರು ಏನಂದರು, ಇಷ್ಟು ಕೇಳಿದರೆ ಸಾಕು. ಕೋಡ್ ಎಲ್ಲ ಗಿಟ್‌ನಲ್ಲಿರಲಿ (ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲೆ ಇಡುವ ಸಾಫ್ಟ್‌ವೇರ್ ಅದು), ನಾಲ್ವರ ಹೆಸರಲ್ಲೂ ಕಮಿಟ್, ಅಂದರೆ ದಾಖಲಾದ ಬದಲಾವಣೆ, ಕಾಣಲಿ. ನೀವು ಓದಿ ಕಾಮೆಂಟ್ ಹಾಕಿ, ನೀವೇ ಬರೆದುಕೊಡಬೇಡಿ, ಎಷ್ಟೇ ಕೈ ತುರಿಸಿದರೂ. ಇನ್ನೊಂದು, ಪ್ರತಿ ವಾರ ಅಂಗಡಿಯವರ ಜೊತೆ ಬೇರೆ ಬೇರೆಯವರು ಮಾತಾಡಬೇಕು. ಬಿಟ್ಟರೆ ಮಾತು ಬಲ್ಲವನೊಬ್ಬನೇ ಮುಂದೆ ಹೋಗುತ್ತಾನೆ, ಉಳಿದ ಮೂವರು ಹಿಂದೆ ನಿಂತು ತಲೆಯಾಡಿಸುತ್ತಾರೆ.

ಶುರುವಿನಲ್ಲೇ ಕನ್ನಡದಲ್ಲಿ ಒಂದು ಪುಟ ಬರೆದು ಸಹಿ ಮಾಡಿಸಿ: ಏನು ಮಾಡಿಕೊಡುತ್ತೇವೆ, ಏನು ಮಾಡುವುದಿಲ್ಲ, ಕೋಡ್ ಯಾರದು, ಯಾವತ್ತಿಗೆ ಮುಗಿಯುತ್ತದೆ. ಗಿರಾಕಿಗಳ ಫೋನ್ ನಂಬರ್ ಹುಡುಗರ ಲ್ಯಾಪ್‌ಟಾಪ್‌ಗೆ ಬರಬಾರದು, ಟೆಸ್ಟಿಂಗ್‌ಗೆ ಸುಳ್ಳು ಹೆಸರು, ಸುಳ್ಳು ನಂಬರ್ ಹಾಕಿಕೊಳ್ಳಲಿ. ಡೇಟಾ ಬಗ್ಗೆ 2023ರಲ್ಲೇ ಕಾನೂನು ಆಗಿದೆ ಅಂತಲೂ ತಿಳಿಸಿ. ಪಾಸ್‌ವರ್ಡ್ ಅನ್ನು ಕೋಡ್ ಜೊತೆ ಆನ್‌ಲೈನ್‌ನಲ್ಲಿ ಕೋಡ್ ಇಡುವ ಗಿಟ್‌ಹಬ್‌ಗೆ ಏರಿಸುವ ಚಾಳಿ ಇದ್ದೇ ಇರುತ್ತದೆ, ಮೊದಲ ವಾರವೇ ಬಿಡಿಸಿ.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಅಂಗಡಿಯವರು ಕೈಲಾದಷ್ಟು ಕೊಡಬೇಕು, ಓಡಾಟದ ಖರ್ಚಾದರೂ ಸರಿ. ಪುಕ್ಕಟೆ ಬಂದದ್ದನ್ನು ಯಾರೂ ಟೆಸ್ಟ್ ಮಾಡಿ ನೋಡುವುದಿಲ್ಲ.

ಕೊನೆಯ ಒಂದು ತಿಂಗಳು ಹೊಸ ಫೀಚರ್ ಬೇಡವೇ ಬೇಡ. ಪುಸ್ತಕವೂ ನಡೆಯಲಿ, ಆ್ಯಪ್ಪೂ ನಡೆಯಲಿ, ದಿನಾ ಸಂಜೆ ಎರಡರ ಬಾಕಿಯೂ ತಾಳೆಯಾಗಬೇಕು. ಕೆಲವು ಉಚಿತ ಹೋಸ್ಟಿಂಗ್‌ನಲ್ಲಿ (ಆ್ಯಪ್ ಅನ್ನು ಇಂಟರ್ನೆಟ್‌ನಲ್ಲಿ ನಡೆಸುವ ಸೇವೆ) ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಆ್ಯಪ್ ಮಲಗಿಬಿಡುತ್ತದೆ, ಮತ್ತೆ ಏಳಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಕೌಂಟರ್ ಮುಂದೆ ಮೂರು ಜನ ನಿಂತಿರುತ್ತಾರೆ, ಯಜಮಾನರು ಮತ್ತೆ ಪುಸ್ತಕ ಎಳೆದುಕೊಳ್ಳುತ್ತಾರೆ. ಇದನ್ನೆಲ್ಲ ಹುಡುಗರೇ ನೋಡಿ ರಿಪೋರ್ಟಿನಲ್ಲಿ ಬರೆಯಲಿ. ಹೋಸ್ಟಿಂಗ್, ಡೊಮೇನ್, ಜಿಮೇಲ್ ಎಲ್ಲ ಅಂಗಡಿಯವರ ಹೆಸರಿಗೇ ಮಾಡಿಸಿ, ಯಾಕಂದ್ರೆ ಜೂನ್ ಹೊತ್ತಿಗೆ ಈ ಹುಡುಗರು ಯಾವ ಊರಲ್ಲಿರುತ್ತಾರೋ ಏನೋ. ಮತ್ತೆ ಇಡೀ ಲೆಕ್ಕ ಒಂದೇ ಸಲಕ್ಕೆ ಎಕ್ಸೆಲ್‌ಗೆ ಇಳಿಸುವ ಬಟನ್ ಒಂದು ಇರಲೇಬೇಕು. ನಾಳೆ ಆ್ಯಪ್ ನಿಂತುಹೋದರೂ ಬಸಣ್ಣನ ಬಾಕಿ ಕೈಯಲ್ಲಿರುತ್ತದೆ.