ನಂಬರ್ ಉಜ್ಜಿ ಹೋಗಿದ್ದ ಮಾಸ್ಫೆಟ್ ಗುರುತು ಹಚ್ಚಿದ್ದು

ಹುಬ್ಬಳ್ಳಿಯ ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ಸಿಕ್ಕ ಯುಪಿಎಸ್ ಬೋರ್ಡ್. ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ತುಂಡು) ಕೂಡಿಸಿದ್ದ ಮೂರು ಕಾಲಿನ ನಾಲ್ಕು ಬಿಡಿಭಾಗಗಳ ನಂಬರನ್ನು ಪೂರಾ ಉಜ್ಜಿ ತೆಗೆದಿದ್ದರು. 12 ವೋಲ್ಟ್ ಪಂಪಿನ ಸ್ವಿಚ್ಚಿಗೆ ಒಂದು ಮಾಸ್ಫೆಟ್, ಅಂದರೆ ವೋಲ್ಟೇಜಿನಿಂದ ಹತ್ತಿ ಆರುವ ಎಲೆಕ್ಟ್ರಾನಿಕ್ ಸ್ವಿಚ್, ಬೇಕಿತ್ತು.

ಬೋರ್ಡಿನ ಮೇಲೆಯೇ ಅಳೆದರೆ ಎಲ್ಲವೂ ಶಾರ್ಟ್ ಅನ್ನುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಸುರುಳಿಯ ಆಟ, ನಂಬಬಾರದು. ಒಂದನ್ನು ಕಳಚಿ, ನಂಬರ್ ಇದ್ದ ಮುಖ ನನ್ನ ಕಡೆಗೆ, ಕಾಲು ಕೆಳಗೆ ಬರುವಂತೆ ಹಿಡಿದು, ಮೀಟರನ್ನು ಡಯೋಡ್ ಮೋಡಿಗೆ (ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆಯೇ ಎಂದು ನೋಡುವ ಸೆಟ್ಟಿಂಗ್) ಇಟ್ಟೆ. ಎಡಗಾಲಿನಿಂದ ಯಾವ ಕಾಲಿಗೂ ಏನೂ ಬರಲಿಲ್ಲ. ಬಲಗಾಲಿಗೆ ಕೆಂಪು, ನಡುಗಾಲಿಗೆ ಕಪ್ಪು ಇಟ್ಟಾಗ 0.48 ವೋಲ್ಟ್; ತಿರುಗಿಸಿದರೆ ಓಪನ್, ಅಂದರೆ ಒಳಗೊಂದು ಡಯೋಡ್ ಇದೆ. ಸಾದಾ ಟ್ರಾನ್ಸಿಸ್ಟರ್ ಆಗಿದ್ದರೆ ಒಂದು ಕಾಲಿನಿಂದ ಉಳಿದೆರಡಕ್ಕೂ ಸುಮಾರು 0.6 ಬರಬೇಕಿತ್ತು. ಅಂದರೆ ಎನ್-ಚಾನಲ್ ಮಾಸ್ಫೆಟ್ (ಗೇಟಿಗೆ ಪ್ಲಸ್ ಕೊಟ್ಟರೆ ಹತ್ತುವ ಬಗೆ) ಇರಬೇಕು: ಎಡ ಗೇಟ್ (ಹತ್ತಿಸಿ ಆರಿಸುವ ಕಾಲು), ನಡು ಡ್ರೇನ್ (ಕರೆಂಟ್ ಒಳಬರುವ ಕಾಲು), ಬಲ ಸೋರ್ಸ್ (ಹೊರಹೋಗುವ ಕಾಲು).

ಖಾತ್ರಿಗೆ 12 ವೋಲ್ಟ್ 21 ವಾಟ್ ಗಾಡಿ ಬಲ್ಬನ್ನು ಪ್ಲಸ್‌ನಿಂದ ಡ್ರೇನಿಗೆ ಕೊಟ್ಟು, ಸೋರ್ಸನ್ನು ಮೈನಸ್‌ಗೆ ಸೇರಿಸಿದೆ. 9 ವೋಲ್ಟ್ ಬ್ಯಾಟರಿಯ ಮೈನಸ್ ಸೋರ್ಸಿಗೆ, ಪ್ಲಸ್ 1ಕೆ (1000 ಓಮ್) ರೆಸಿಸ್ಟರ್ ಮೂಲಕ ಗೇಟಿಗೆ. ಬಲ್ಬ್ ಹತ್ತಿತು. ಬ್ಯಾಟರಿ ತೆಗೆದರೂ ಆರಲಿಲ್ಲ! ಕೆಟ್ಟಿದೆಯೆಂದು ಎಸೆಯಬೇಡಿ, ಗೇಟಿನಲ್ಲಿ ಚಾರ್ಜ್ ಉಳಿದಿರುತ್ತದೆ. ಗೇಟ್-ಸೋರ್ಸ್ ನಡುವೆ 10ಕೆ ರೆಸಿಸ್ಟರ್ ಹಾಕಿದೊಡನೆ ಆರಿತು.

ಬಲ್ಬ್ ಉರಿಯುವಾಗ ಡ್ರೇನ್-ಸೋರ್ಸ್ ನಡುವೆ 0.04 ವೋಲ್ಟ್. ಸುಮಾರು 1.75 ಆಂಪಿಗೆ ಇದು 0.023 ಓಮ್. ಒಂದು ವೋಲ್ಟ್ ದಾಟಿದ್ದರೆ ಐಜಿಬಿಟಿ (ಇನ್ನೊಂದು ಬಗೆಯ ಪವರ್ ಸ್ವಿಚ್) ಅಥವಾ ಹೈ ವೋಲ್ಟೇಜ್ ಮಾಲು ಅನ್ನುತ್ತಿದ್ದೆ. ರೇಟಿಂಗ್ (ಎಷ್ಟು ವೋಲ್ಟ್, ಆಂಪ್ ತಾಳುತ್ತದೆ ಎಂಬುದು) ಮಾತ್ರ ಇದರಿಂದ ತಿಳಿಯದು, ಹಾಗಾಗಿ 230 ವೋಲ್ಟಿನ ಕಡೆ ಒಯ್ಯಲೇಬಾರದು.

ಪಂಪ್ ಆರುವಾಗ ಏಳುವ ವೋಲ್ಟೇಜ್ ಏಟು ಮಾಸ್ಫೆಟ್ಟಿಗೆ ತಾಗದಂತೆ, ಪಂಪಿನ ತುದಿಗಳಿಗೆ 1ಎನ್5408 ಡಯೋಡ್ ಅಡ್ಡ ಹಾಕಿ, ಗೀಟಿರುವ ಬದಿ ಪ್ಲಸ್‌ಗೆ.