ಬಳ್ಳಾರಿ ಬಿಸಿಲಿಗೆ ಫ್ಯಾನ್‌ಕಂಟ್ರೋಲ್: ನನ್ನ ಅನುಭವ

"ಇಲ್ಲಿಯ ಬಿಸಿಲಿಗೆ ಆಟೋ ಎಲ್ಲ ನಡೆಯಲ್ಲ ಸರ್, ಫುಲ್ ಸ್ಪೀಡಲ್ಲೇ ಬಿಡ್ರಿ" ಅಂತ ಸರ್ವಿಸ್ ಮಾಡುವವರು ಬಹಳ ಜನ ಹೇಳಿದ್ದರು. ಆಟೋ ಅಂದರೆ ಕಂಪ್ಯೂಟರಿನ ಫ್ಯಾನ್ ತಾಪಕ್ಕೆ ತಕ್ಕಂತೆ ತಾನಾಗಿ ವೇಗ ಬದಲಿಸುವುದು; ಲಿನಕ್ಸಿನಲ್ಲಿ ಆ ಕೆಲಸ ಮಾಡುವ ಪ್ರೋಗ್ರಾಂ ಫ್ಯಾನ್‌ಕಂಟ್ರೋಲ್. ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳ ಡಿಸೈನ್ ಕಂಪ್ಯೂಟರು, ಗಂಗಾವತಿ ಕಡೆಯ ರೈಸ್ ಮಿಲ್ಲುಗಳ ಬಿಲ್ಲಿಂಗ್ ಮಷೀನು ಎಲ್ಲ ಈಗ ಆಟೋದಲ್ಲೇ ಇವೆ. ಮೇ ತಿಂಗಳಲ್ಲೂ ಬಿಸಿಯಾಗಿ ಆಫ್ ಆದದ್ದು ಒಂದೂ ಇಲ್ಲ. ಎಲ್ಲ ಲಿನಕ್ಸ್ ಮಷೀನುಗಳು. ಸೆನ್ಸರ್ ಹುಡುಕುವ ಸೆನ್ಸರ್ಸ್-ಡಿಟೆಕ್ಟ್, ಫ್ಯಾನ್ ಅಳೆದು ಫ್ಯಾನ್‌ಕಂಟ್ರೋಲಿನ ಕಾನ್ಫಿಗ್ ಫೈಲ್ ಬರೆಯುವ ಪಿಡಬ್ಲ್ಯೂಎಂಕಾನ್ಫಿಗ್ ಓಡಿಸುವುದು ಗೊತ್ತಿರುವವರಿಗೆ ಇದನ್ನು ಬರೆದಿದ್ದೇನೆ.

ನಮ್ಮ ಕಡೆ ಆಟೋ ಕೆಡುವುದು ಮಿನ್‌ಟೆಂಪ್‌ನಲ್ಲಿ, ಅಂದರೆ ಫ್ಯಾನ್ ವೇಗ ಏರಲು ಶುರುವಾಗುವ ತಾಪದಲ್ಲಿ; ಮ್ಯಾಕ್ಸ್‌ಟೆಂಪ್ ಅದು ಫುಲ್ ಆಗುವ ತಾಪ. ಪಿಡಬ್ಲ್ಯೂಎಂಕಾನ್ಫಿಗ್ ತಾನಾಗಿ ಸೂಚಿಸುವುದು ಮಿನ್‌ಟೆಂಪ್ 20, ಮ್ಯಾಕ್ಸ್‌ಟೆಂಪ್ 60. ಎಂಟರ್ ಒತ್ತಿ ಮುಂದೆ ಹೋದರೆ ಕೆಲಸ ಕೆಟ್ಟಿತು. ಬೇಸಿಗೆಯಲ್ಲಿ ರೂಮೇ 38-40 ಡಿಗ್ರಿ ಇರುತ್ತದೆ. ಸುಮ್ಮನೆ ಕೂತ ಪ್ರೊಸೆಸರ್ 52ರ ಹತ್ತಿರ. ಆ ಫೈಲಿನ ಲೆಕ್ಕದಲ್ಲಿ ಕೆಲಸವೇ ಇಲ್ಲದಾಗಲೂ ಫ್ಯಾನ್ ಮುಕ್ಕಾಲು ಭಾಗಕ್ಕಿಂತ ಮೇಲೆ ಓಡುತ್ತದೆ, ಒಂದು ದೊಡ್ಡ ಫೈಲ್ ತೆರೆದರೆ ಫುಲ್. ಅದನ್ನು ನೋಡಿಯೇ "ಆಟೋ ನಡೆಯಲ್ಲ" ಅನ್ನುವ ಮಾತು ಹುಟ್ಟಿದ್ದು.

ಹೀಟ್‌ಸಿಂಕ್ ಕಾಯುವುದು ರೂಮಿನ ತಾಪಕ್ಕಿಂತ ಎಷ್ಟು ಮೇಲೆ ಅನ್ನುವ ಲೆಕ್ಕದಲ್ಲಿ. ಡಿಸೆಂಬರ್ ಇರಲಿ, ಮೇ ಇರಲಿ, ಅದೇ ಫ್ಯಾನ್ ವೇಗಕ್ಕೆ ಆ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮೊದಲು ಫ್ಯಾನನ್ನು ಕನಿಷ್ಠ ವೇಗದಲ್ಲಿಟ್ಟು, ಮಷೀನನ್ನು ಅರ್ಧ ಗಂಟೆ ಖಾಲಿ ಬಿಟ್ಟು, ಕ್ಯಾಬಿನೆಟ್ಟಿನ ಮುಂದೆ ಥರ್ಮಾಮೀಟರ್ ಇಟ್ಟು ವ್ಯತ್ಯಾಸ ನೋಡುತ್ತೇನೆ. ಸ್ಟಾಕ್ ಕೂಲರ್ ಇದ್ದರೆ ಸುಮಾರು 12 ಬರುತ್ತದೆ. ಆ ರೂಮಿನ ಅತಿ ಹೆಚ್ಚು ತಾಪ 40, ಅದಕ್ಕೆ 12, ಮೇಲೆ 3 ಕೈಮಿಗಿಲು: ಮಿನ್‌ಟೆಂಪ್ 55. ಮ್ಯಾಕ್ಸ್‌ಟೆಂಪ್ 80. ಇಂಟೆಲ್ ಆಗಲಿ ರೈಜೆನ್ ಆಗಲಿ ತಾನಾಗಿ ವೇಗ ಇಳಿಸುವುದು ಸಾಮಾನ್ಯವಾಗಿ 95-100ರ ಹತ್ತಿರ, ಆದ್ದರಿಂದ 80ಕ್ಕೆ ಫುಲ್ ಆದರೆ ಸಾಕಷ್ಟು ಅಂತರ ಉಳಿಯುತ್ತದೆ. ಫ್ಯಾನ್ ವೇಗದ ಅಂಕಿ (ಪಿಡಬ್ಲ್ಯೂಎಂ) 0ಯಿಂದ 255ರವರೆಗೆ. ಮಿನ್‌ಸ್ಟಾಪ್ (ಫ್ಯಾನ್ ನಿಲ್ಲದೆ ತಿರುಗುವ ಕನಿಷ್ಠ ಅಂಕಿ) 90, ಮ್ಯಾಕ್ಸ್‌ಪಿಡಬ್ಲ್ಯೂಎಂ 255 ಇಟ್ಟರೆ 60 ಡಿಗ್ರಿಗೆ 123, 65ಕ್ಕೆ 156 ಬರುತ್ತದೆ. ಇಂಟರ್ವಲ್ (ತಾಪ ನೋಡುವ ಅಂತರ) 10 ಸೆಕೆಂಡ್ ಇರಲಿ. ಆವರೇಜ್ 5 (ಕೊನೆಯ ಐದು ಅಳತೆಗಳ ಸರಾಸರಿ) ಹಾಕಿದರೆ ಕ್ಷಣಕ್ಕೊಮ್ಮೆ ಜಿಗಿಯುವ ತಾಪಕ್ಕೆ ಫ್ಯಾನ್ ಏರಿಳಿದು ಕಿವಿ ತಿನ್ನುವುದು ನಿಲ್ಲುತ್ತದೆ; ಹಳೆಯ ಆವೃತ್ತಿಗಳಲ್ಲಿ ಈ ಸಾಲು ಇಲ್ಲ.

ಇನ್ನು ಧೂಳು. ಸಂಡೂರು ಕಡೆಯ ಕೆಂಪು ಅದಿರಿನ ಧೂಳು, ಮಿಲ್ಲಿನ ತೌಡು, ಜೀನ್ಸ್ ಯೂನಿಟ್ಟಿನ ಬಟ್ಟೆ ಜುಂಗು ಮೂರೂ ಫ್ಯಾನಿಗೆ ಬೇರೆಬೇರೆ ಥರ ಕೂರುತ್ತವೆ. ಜುಂಗು ಎಲ್ಲಕ್ಕಿಂತ ಕೆಟ್ಟದ್ದು, ಫ್ಯಾನಿನ ಅಕ್ಷಕ್ಕೇ ಸುತ್ತಿಕೊಳ್ಳುತ್ತದೆ. ಹೊಸ ಫ್ಯಾನ್ ಪಿಡಬ್ಲ್ಯೂಎಂ 60ಕ್ಕೆ ತಿರುಗಲು ಶುರುವಾದರೆ, ಜುಂಗು ಹಿಡಿದದ್ದಕ್ಕೆ 90-100 ಬೇಕಾಗುತ್ತದೆ. ಪಿಡಬ್ಲ್ಯೂಎಂಕಾನ್ಫಿಗ್ ಅಳೆಯುವುದು ಅವತ್ತಿನ ಸ್ಥಿತಿಯನ್ನು ಮಾತ್ರ. ಫ್ಯಾನ್ ಸ್ವಚ್ಛ ಮಾಡಿ ಅಳೆದು, ಮಿನ್‌ಸ್ಟಾಪ್‌ಗೆ 30, ಮಿನ್‌ಸ್ಟಾರ್ಟ್‌ಗೆ (ನಿಂತ ಫ್ಯಾನ್ ತಿರುಗಲು ಬೇಕಾದ ಅಂಕಿ) 60-70 ಕೂಡಿಸಿ ಬರೆಯಿರಿ. ಮಿನ್‌ಪಿಡಬ್ಲ್ಯೂಎಂ (ತಾಪ ಮಿನ್‌ಟೆಂಪ್‌ಗಿಂತ ಕೆಳಗಿರುವಾಗಿನ ಅಂಕಿ) ಮಾತ್ರ ಎಂದೂ 0 ಬೇಡ, ಮಿನ್‌ಸ್ಟಾಪ್‌ಗೆ ಸಮ ಇರಲಿ. ಚಳಿಗಾಲದ ಬೆಳಗ್ಗೆ ಪೂರ್ತಿ ನಿಂತ ಫ್ಯಾನ್ ಮಧ್ಯಾಹ್ನ ಜುಂಗಿನಿಂದಾಗಿ ಏಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಸೆನ್ಸರ್ ಆಯ್ಕೆಯಲ್ಲೂ ಮೋಸವಿದೆ. ತಾಪ, ಫ್ಯಾನ್ ನೋಡಿಕೊಳ್ಳುವ ಚಿಪ್ಪು ನುವೋಟಾನ್ ಕಂಪನಿಯದಾದ ಬೋರ್ಡುಗಳಲ್ಲಿ ಆಕ್ಸ್‌ಟಿನ್ ಅಂತ ಬರುವ ಕೆಲವು ಸಾಲುಗಳಿಗೆ ಸೆನ್ಸರೇ ಜೋಡಿಸಿರುವುದಿಲ್ಲ. ಒಮ್ಮೆ 110, ಒಮ್ಮೆ ಮೈನಸ್ 60 ತೋರಿಸುತ್ತವೆ. ಪ್ರೊಸೆಸರಿಗೆ ಲೋಡ್ ಕೊಡುವ ಸ್ಟ್ರೆಸ್ ಪ್ರೋಗ್ರಾಂ ಓಡಿಸಿ, ಲೋಡ್ ಜೊತೆ ಏರಿ ಇಳಿಯುವುದನ್ನೇ ಹಿಡಿಯಿರಿ. ಮೂರು ಪಿನ್ನಿನ ಫ್ಯಾನ್ ಇದ್ದರೆ ಬಯೋಸ್‌ನಲ್ಲಿ ಆ ಹೆಡರನ್ನು ಡಿಸಿ ಮೋಡಿಗೆ (ವೋಲ್ಟೇಜ್ ಇಳಿಸಿ ವೇಗ ಇಳಿಸುವುದು) ಹಾಕಿ, ಪಿಡಬ್ಲ್ಯೂಎಂ ಮೋಡಿನಲ್ಲಿ ಅದು ಸದಾ ಫುಲ್ ಓಡುತ್ತದೆ.

ರೀಬೂಟ್ ಆದಮೇಲೆ ಸರ್ವಿಸ್ ಏಳದೆ, ಕಾನ್ಫಿಗ್ ಹಳೆಯದಾಗಿದೆ ಅಂತ ಎರರ್ ಬಂದರೆ ಲಿನಕ್ಸ್ ಸೆನ್ಸರ್ ಚಿಪ್ಪುಗಳಿಗೆ ಕೊಡುವ ಎಚ್‌ಡಬ್ಲ್ಯೂಮಾನ್ ನಂಬರು ಅದಲುಬದಲಾಗಿದೆ ಎಂದರ್ಥ. ಮಾಡ್ಯೂಲ್ಸ್ ಫೈಲಿನಲ್ಲಿ ಕೋರ್‌ಟೆಂಪ್ (ಇಂಟೆಲ್ ಪ್ರೊಸೆಸರಿನ ತಾಪದ ಡ್ರೈವರ್) ಮೊದಲು, ಎನ್‌ಸಿಟಿ6775 (ನುವೋಟಾನ್ ಚಿಪ್ಪಿನ ಡ್ರೈವರ್) ಆಮೇಲೆ ಅಂತ ಕ್ರಮವಾಗಿ ಬರೆದರೆ ಬಹುತೇಕ ಸರಿಹೋಗುತ್ತದೆ. ಉಳಿದ ಮೊಂಡು ಬೋರ್ಡುಗಳಿಗೆ ನಾನು ಬಳಸುವ ಉಪಾಯ ಬೇರೆ, ಅದು ನನ್ನ ಹತ್ತಿರವೇ ಇರಲಿ.

ಖರ್ಚು ಹೆಚ್ಚಿಲ್ಲ. 120 ಎಂಎಂ ನಾಲ್ಕು ಪಿನ್ನಿನ ಫ್ಯಾನಿಗೆ ಐದಾರು ನೂರು, ಪೇಸ್ಟಿಗೆ ಇನ್ನೂರರ ಆಸುಪಾಸು. ಕರೆಂಟ್ ಉಳಿಯುತ್ತದೆ ಅಂತ ಗಿರಾಕಿಗೆ ಹೇಳಬೇಡಿ, ಒಂದು ಫ್ಯಾನ್ ತಿನ್ನುವುದೇ ಎರಡು-ಮೂರು ವ್ಯಾಟ್. ಉಳಿಯುವುದು ಬೇರಿಂಗ್ ಮತ್ತು ಸರ್ವಿಸ್ ಖರ್ಚು. ಗಾಳಿ ಕಡಿಮೆ ಎಳೆದರೆ ಧೂಳೂ ಕಡಿಮೆ. ಫುಲ್ ಓಡುವಾಗ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕಿದ್ದ ಮಷೀನಿಗೆ ಈಗ ಸುಮಾರು ಮೂರು ತಿಂಗಳಿಗೊಮ್ಮೆ ಸಾಕು.

ಪಕ್ಕದ ಪ್ರಯೋಗಗಳೂ ಕೆಲವಿವೆ. ಮುಂದಿನ ಫ್ಯಾನಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿದರೆ ತಾಪ ಮೂರು-ನಾಲ್ಕು ಡಿಗ್ರಿ ಏರುತ್ತದೆ. ಜುಂಗಿನ ಜಾಗದಲ್ಲಿ ಆ ನಷ್ಟ ಒಪ್ಪಬಹುದು, ಉಳಿದ ಕಡೆ ಬೇಡ. ನೀರಿನ ಕೂಲರ್ ಎದುರು ಕ್ಯಾಬಿನೆಟ್ ಇಟ್ಟರೆ ತಾಪ ಇಳಿಯುವುದೇನೋ ನಿಜ, ಆದರೆ ತೇವಕ್ಕೆ ಧೂಳು ಮೆತ್ತಿ ಹೀಟ್‌ಸಿಂಕ್ ಸಂದುಗಳು ಗಟ್ಟಿಯಾಗಿ ಮುಚ್ಚುತ್ತವೆ, ಬ್ಲೋವರಿಗೂ ಹೋಗುವುದಿಲ್ಲ. ನಿಜಕ್ಕೂ ಲಾಭ ಕೊಟ್ಟದ್ದು ಡ್ರೈವ್‌ಟೆಂಪ್ ಮಾಡ್ಯೂಲ್. ಲಿನಕ್ಸ್ 5.6ರಿಂದ ಕರ್ನಲ್ಲಿನಲ್ಲೇ ಇದೆ. ಹಾರ್ಡ್ ಡಿಸ್ಕಿನ ತಾಪವನ್ನು ಉಳಿದ ಸೆನ್ಸರುಗಳ ಜೊತೆಗೇ ತೋರಿಸುತ್ತದೆ. ಮುಂದಿನ ಫ್ಯಾನನ್ನು ಪ್ರೊಸೆಸರಿಗೆ ಬದಲು ಇದಕ್ಕೆ ಕಟ್ಟಿ, 42ರಿಂದ 52 ಅಂತ ಕೊಡಿ. ಹಿಂದಿನ ಫ್ಯಾನ್ ಪ್ರೊಸೆಸರಿನದ್ದೇ ಇರಲಿ.

ಸ್ಲೀಪಿಗೆ ಹೋಗಿ ಎದ್ದ ಮಷೀನಿನಲ್ಲಿ ಬೋರ್ಡು ನಿಯಂತ್ರಣವನ್ನು ವಾಪಸ್ ಕಿತ್ತುಕೊಳ್ಳುವುದುಂಟು. ಸಿಸ್ಟಮ್-ಸ್ಲೀಪ್ ಫೋಲ್ಡರಿನಲ್ಲಿ, ಎದ್ದಾಗ ಫ್ಯಾನ್‌ಕಂಟ್ರೋಲ್ ರೀಸ್ಟಾರ್ಟ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಇಡಿ. ಸರ್ವಿಸನ್ನು ಸರಿಯಾಗಿ ನಿಲ್ಲಿಸಿದರೆ ಅದೇ ಫ್ಯಾನನ್ನು ಮೊದಲಿದ್ದ ಸ್ಥಿತಿಗೆ ಇಲ್ಲವೇ ಫುಲ್‌ಗೆ ಬಿಟ್ಟು ಹೋಗುತ್ತದೆ. ಬಲವಂತವಾಗಿ ಕೊಂದರೆ ಮಾತ್ರ ಕೊನೆಯ ಅಂಕಿಯಲ್ಲೇ ನಿಲ್ಲುತ್ತದೆ. ಲೋಡ್ ಹಾಕಿ ಪರೀಕ್ಷಿಸುವಾಗ ಕಿಲ್ ಮೈನಸ್ 9 ಕೊಡಬೇಡಿ.