ಲೈಟ್‌ವೇಟ್ ಬಾಕ್ಸರ್‌ನ ರೆಕಾರ್ಡ್ ಓದೋದು ಹೇಗೆ (ಆ ಸೊನ್ನೆ ನೋಡಿ ಮರುಳಾಗ್ಬೇಡಿ)

ಹೊಸದಾಗಿ ಬಾಕ್ಸಿಂಗ್ ನೋಡೋಕೆ ಶುರು ಮಾಡಿದವರು ಮೊದಲು ಮಾಡೋ ಕೆಲಸ ಏನಪ್ಪಾ ಅಂದ್ರೆ, ಬಾಕ್ಸರ್ ಹೆಸರು ಸರ್ಚ್ ಮಾಡಿ 20-0 ಅಂತ ಕಂಡ ತಕ್ಷಣ "ಅಬ್ಬಾ, ಇವನು ಸೋತೇ ಇಲ್ವಲ್ಲ" ಅಂತ ಬೆರಗಾಗೋದು. ನಾನೂ ಹಂಗೇ ಮಾಡಿದ್ದೆ, ಅಂಥ ಒಬ್ಬ ಹುಡುಗನ ಪರ ಫ್ರೆಂಡ್ಸ್ ಹತ್ರ ಒಂದು ವಾರ ವಾದ ಮಾಡಿದ್ದೇ ಮಾಡಿದ್ದು, ಆಮೇಲೆ ಮೊದಲನೇ ಸಲ ಸರಿಯಾದ ಎದುರಾಳಿ ಸಿಕ್ಕಾಗ ಪುಣ್ಯಾತ್ಮ ಮೂರನೇ ರೌಂಡಲ್ಲೇ ಅಂಗಾತ ಬಿದ್ದ. ಮುಖ ಸಪ್ಪೆ ಮಾಡ್ಕೊಂಡು ಕೂತು ಅವನ ಹಳೇ ಫೈಟ್‌ಗಳ ಪಟ್ಟಿ ತೆಗೆದು ನೋಡಿದ್ರೆ ಎಲ್ಲಾ ಅಲ್ಲೇ ಇತ್ತು, ನಾನು ಓದಿರ್ಲಿಲ್ಲ ಅಷ್ಟೇ. ಅದಕ್ಕೇ ಇದನ್ನ ಬರೀತಿದೀನಿ.

ಬೇಸಿಕ್ ಬೇಗ ಮುಗಿಸೋಣ. ಮೊದಲನೇ ನಂಬರ್ ಗೆಲುವು, ಎರಡನೇದು ಸೋಲು, ಮೂರನೇದು ಇದ್ರೆ ಡ್ರಾ. ಪಕ್ಕದಲ್ಲಿ ಕೆಓ (ನಾಕೌಟ್) ಅಂತ ಇರೋದ್ರಲ್ಲಿ ರೆಫ್ರಿ ನಿಲ್ಲಿಸಿದ ಟಿಕೆಓನೂ ಸೇರಿರುತ್ತೆ. ಲೈಟ್‌ವೇಟ್ ಅಂದ್ರೆ 135 ಪೌಂಡ್ ಮಿತಿ, ಕೆಜಿ ಲೆಕ್ಕದಲ್ಲಿ 61.2. ಕೆಳಗಿನ ಕ್ಲಾಸು 130, ಮೇಲಿನದು 140, ಅಂದ್ರೆ ಎರಡೂ ಕಡೆ ಬರೀ ಐದೈದು ಪೌಂಡ್ ದೂರ. ಹಂಗಾಗಿ ಇವತ್ತು ಲೈಟ್‌ವೇಟ್ ಆಗಿರೋನು ನಿನ್ನೆ 130ರಲ್ಲಿ ಇದ್ದಿರ್ತಾನೆ, ನಾಳೆ 140ಕ್ಕೆ ಹೋಗ್ತಾನೆ, ಇದನ್ನ ತಲೇಲಿ ಇಟ್ಕೊಂಡೇ ಮುಂದಿನದನ್ನ ಓದಿ.

ಬಾಕ್ಸರ್‌ಗಳ ಫೈಟ್ ಲೆಕ್ಕ ಇಡೋ ಬಾಕ್ಸ್‌ರೆಕ್ ಥರದ ಸೈಟಲ್ಲಿ ಪಟ್ಟಿ ತೆಗೆದ್ರೆ ಹೊಸ ಫೈಟ್ ಮೇಲಿರುತ್ತೆ. ನೀವು ಕೆಳಗಿಂದ ಮೇಲಕ್ಕೆ ಬನ್ನಿ. ಮೊದಲನೇ ಆರೇಳು ಫೈಟು ನಾಕು ರೌಂಡಿನವು, ಎದುರಾಳಿಗಳು ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ, ಇದನ್ನ ನೋಡಿ ಮೋಸ ಅಂತ ಬೈಬೇಡಿ, ಎಲ್ಲರೂ ಹಂಗೇ ಶುರು ಮಾಡೋದು. ನೋಡ್ಬೇಕಾದ್ದು ಅಲ್ಲಿಂದ ಮೇಲಕ್ಕೆ ಹತ್ತಿದಾನಾ ಅಂತ: ನಾಕು ರೌಂಡು ಆರಾಯ್ತಾ, ಆರು ಎಂಟಾಯ್ತಾ, ಹತ್ತು ರೌಂಡಿನ ಫೈಟು ಯಾವಾಗ ಬಂತು, ಅದ್ರಲ್ಲಿ ಕೊನೇವರೆಗೂ ನಿಂತಿದಾನಾ. ಹದಿನೆಂಟನೇ ಫೈಟಲ್ಲೂ ಎರಡನೇ ರೌಂಡಿಗೇ ಮುಗಿಸ್ತಾ ಇದ್ರೆ ಕೇಳೋಕೆ ಖುಷಿ, ಆದ್ರೆ ಒಂಬತ್ತನೇ ರೌಂಡಲ್ಲಿ ಕಾಲು ಭಾರ ಆದಾಗ ಇವನು ಏನ್ ಮಾಡ್ತಾನೆ ಅನ್ನೋದು ಅವನ ಟ್ರೇನರ್‌ಗೂ ಗೊತ್ತಿರಲ್ಲ.

ಎದುರಾಳಿಯ ರೆಕಾರ್ಡ್ ಕೂಡ ಅಲ್ಲೇ ಇರುತ್ತೆ. ಫೈಟ್ ದಿನ ಅವನ ಲೆಕ್ಕ ಎಷ್ಟಿತ್ತು, ಅದಕ್ಕಿಂತ ಮುಖ್ಯ, ಕೊನೇ ಆರು ಫೈಟಲ್ಲಿ ಏನಾಯ್ತು ಅಂತ ನೋಡಿ. 30-4 ಅಂತ ಭರ್ಜರಿಯಾಗಿ ಕಾಣುತ್ತೆ, ಆದ್ರೆ ಆ ನಾಕೂ ಸೋಲು ಕೊನೇ ಐದು ಫೈಟಲ್ಲಿ ಬಂದಿದ್ರೆ ಅವನು ಹೆಸರಿಗೆ ಮಾತ್ರ ದೊಡ್ಡೋನು, ತಮ್ಮ ಹುಡುಗನ ಪಟ್ಟಿಗೆ ಆ ಹೆಸರು ಸೇರ್ಲಿ ಅಂತ ಯಾರೋ ದುಡ್ಡು ಕೊಟ್ಟು ಕರೆಸಿರ್ತಾರೆ. ಇದಕ್ಕೆ ಉಲ್ಟಾ, 12-60 ಅಂತ ಇರೋ ಜರ್ನಿಮನ್ (ದುಡ್ಡಿಗಾಗಿ ಯಾರ ಎದುರಾದ್ರೂ ಆಡೋ, ಸೋಲೋದೇ ಜಾಸ್ತಿ ಇರೋ ಬಾಕ್ಸರ್) ನೋಡಿ ನಗೋರು ತುಂಬಾ ಜನ. ಅವನ ಅರವತ್ತು ಸೋಲಲ್ಲಿ ನಾಕೌಟ್ ಎಷ್ಟು ಅಂತ ಎಣಿಸಿ, ನಾಕೈದೇ ಇದ್ರೆ ಆ ಮನುಷ್ಯ ಪಕ್ಕಾ ಕೆಲಸಗಾರ, ಹೊಡೆಸ್ಕೊಳ್ದೇ ಇರೋದು ಹೆಂಗೆ ಅಂತ ಗೊತ್ತಿರೋನು, ಅವನ ಜೊತೆ ಆರು ರೌಂಡ್ ಆಡಿದ ಹುಡುಗ ಕಲಿಯೋದು ಮೊದಲ ರೌಂಡಲ್ಲೇ ಬೀಳೋ ಹತ್ತು ಜನರ ಜೊತೆ ಕಲಿಯಲ್ಲ.

ಮೆಟ್ಟಿಲು ಹತ್ತದೇ ನೇರ ಮಹಡಿಗೆ ಹಾರಿದವರೂ ಇದಾರೆ. ಉಕ್ರೇನ್‌ನ ವಾಸಿಲ್ ಲೊಮಚೆಂಕೊ ಅಮೆಚೂರ್‌ನಲ್ಲಿ 396 ಗೆಲುವು 1 ಸೋಲು, ಎರಡು ಒಲಿಂಪಿಕ್ ಚಿನ್ನ, ಪ್ರೊ ಆದ ಮೇಲೆ ಎರಡನೇ ಫೈಟೇ ವರ್ಲ್ಡ್ ಟೈಟಲ್‌ಗೆ. 2014ರ ಮಾರ್ಚಲ್ಲಿ ಮೆಕ್ಸಿಕೊದ ಒರ್ಲಾಂಡೊ ಸಲಿಡೊ ಕೈಲಿ ಸೋತ, ರೆಕಾರ್ಡ್ 1-1. ಬರೀ ನಂಬರ್ ನೋಡೋನು ಅಲ್ಲಿಗೇ ಪೇಜ್ ಮುಚ್ಚಿಬಿಡ್ತಾನೆ. ಮೂರನೇ ಫೈಟಲ್ಲಿ ಚಾಂಪಿಯನ್ ಆದ, ಆ ಸಲಿಡೊ ಫೈಟಲ್ಲೂ ಸಲಿಡೊ ತೂಕ ಮಿಸ್ ಮಾಡಿ ಭಾರವಾಗೇ ಬಂದಿದ್ದ ಅನ್ನೋದು ಬೇರೆ ಕಾಲಮ್‌ನಲ್ಲಿ ಸಿಗುತ್ತೆ.

ಆ ಕಾಲಮ್ಮೇ ತೂಕದ್ದು. ಈ ಕ್ಲಾಸಲ್ಲಿ ನನ್ನ ಪ್ರಕಾರ ಅರ್ಧ ಕಥೆ ಅಲ್ಲೇ ಇದೆ, ಆದ್ರೆ ಯಾರೂ ನೋಡಲ್ಲ. ತೂಕ ಹಾಕೋದು ಸಾಮಾನ್ಯವಾಗಿ ಫೈಟಿನ ಹಿಂದಿನ ದಿನ. ಕೊನೇ ದಿನಗಳಲ್ಲಿ ನೀರು ಬಿಟ್ಟು, ಬೆವರು ಹರಿಸಿ, ಕೆನ್ನೆ ಒಳಗೆ ಹೋಗಿ, ತುಟಿ ಒಣಗಿ, ತಕ್ಕಡಿ ಮೇಲೆ ಟವೆಲ್ ಮರೇಲಿ ಚಡ್ಡೀನೂ ತೆಗೆದು ನಿಂತು 135 ಅಂತ ಕೂಗಿಸ್ಕೊಂಡು, ಕೆಳಗಿಳಿದ ಕ್ಷಣದಲ್ಲೇ ಬಾಟ್ಲಿ ಎತ್ತಿ ಕುಡಿಯೋಕೆ ಶುರು. ಮಾರನೇ ದಿನ ರಿಂಗಿಗೆ ಬರೋವಾಗ ಹತ್ತು ಹದಿನೈದು ಪೌಂಡ್ ವಾಪಸ್ ಬಂದಿರೋರೂ ಇದಾರೆ, ಪಟ್ಟಿಯಲ್ಲಿ ಮಾತ್ರ 135 ಅಂತಾನೇ ಇರುತ್ತೆ. ವರ್ಲ್ಡ್ ಟೈಟಲ್ ಕೊಡೋ ಸಂಸ್ಥೆಗಳಲ್ಲಿ ಒಂದಾದ ಐಬಿಎಫ್, ಟೈಟಲ್ ಫೈಟಿನ ದಿನ ಬೆಳಗ್ಗೆ ಇನ್ನೊಂದ್ಸಲ ತೂಗಿ ಹತ್ತು ಪೌಂಡ್‌ಗಿಂತ ಜಾಸ್ತಿ ಏರಿರ್ಬಾರ್ದು ಅಂತ ತುಂಬಾ ವರ್ಷ ನಿಯಮ ಇಟ್ಕೊಂಡಿತ್ತು.

ತೂಕದ ಕಾಲಮ್ ಓದ್ದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಲೈಟ್‌ವೇಟ್ ಡಿಯೆಗೊ ಕೊರಾಲೆಸ್ ಪಟ್ಟಿ ನೋಡಿ. 2005ರ ಮೇ 7, ಲಾಸ್ ವೇಗಸ್, ಎದುರಿಗೆ ಹೊಸೆ ಲೂಯಿಸ್ ಕಾಸ್ಟಿಯೊ. ಪಟ್ಟಿಯಲ್ಲಿ ಟಿಕೆಓ 10 ಅಂತ ಒಂದೇ ಸಾಲು. ಆ ಹತ್ತನೇ ರೌಂಡಲ್ಲಿ ಕೊರಾಲೆಸ್ ಎರಡು ಸಲ ಕೆಳಗೆ ಬಿದ್ದ, ಕಣ್ಣು ಊದಿ ಮುಚ್ಚಿಹೋಗೋ ಹಾಗಿತ್ತು, ಮೌತ್‌ಪೀಸ್ ಉಗುಳಿದ್ದಕ್ಕೆ ಪಾಯಿಂಟೂ ಕಳ್ಕೊಂಡ, ಆಮೇಲೆ ಎದ್ದು ಬಂದು ಅದೇ ರೌಂಡಲ್ಲಿ ಕಾಸ್ಟಿಯೊನ ಹಗ್ಗಕ್ಕೆ ಒತ್ತಿ ರೆಫ್ರಿ ನಿಲ್ಲಿಸೋ ಹಾಗೆ ಹೊಡೆದ. ಅದರ ಮೇಲಿನ ಸಾಲು ಅಕ್ಟೋಬರ್ ರೀಮ್ಯಾಚ್, ಕೊರಾಲೆಸ್ ನಾಕನೇ ರೌಂಡಲ್ಲಿ ನಾಕೌಟ್. ಓಹೋ ಕಾಸ್ಟಿಯೊ ಸೇಡು ತೀರಿಸ್ಕೊಂಡ ಅನ್ಸುತ್ತೆ ಅಲ್ವಾ? ಪಕ್ಕದ ಕಾಲಮ್ ನೋಡಿ, ಕಾಸ್ಟಿಯೊ ತೂಕ 138.5, ಮಿತಿಗಿಂತ ಮೂರೂವರೆ ಪೌಂಡ್ ಜಾಸ್ತಿ. ಅವನ ಕಡೆಯೋರೊಬ್ಬರು ತಕ್ಕಡಿ ಕೆಳಗೆ ಕಾಲು ತೂರಿಸಿ ಸಿಕ್ಕಿಬಿದ್ದಿದ್ದೂ ಆವತ್ತೇ. ಮೂರನೇ ಫೈಟು 2006ರಲ್ಲಿ ಅಂತ ಗೊತ್ತಾಗಿತ್ತು, ಕಾಸ್ಟಿಯೊ ಮತ್ತೆ ತೂಕ ಮಿಸ್ ಮಾಡಿದ, ಫೈಟೇ ಕ್ಯಾನ್ಸಲ್.

ಒಬ್ಬ ಈ ಕ್ಲಾಸಲ್ಲಿ ಇನ್ನೆಷ್ಟು ದಿನ ಇರ್ತಾನೆ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಟೈಟಲ್ ಇಲ್ಲದ ಫೈಟಲ್ಲಿ 136, 137, 138 ಅಂತ ಏರ್ತಾ ಹೋಗಿ, ಟೈಟಲ್ ಬಂದಾಗ ಮಾತ್ರ 134.8ಕ್ಕೆ ಇಳಿದು, ಕೊನೇ ರೌಂಡುಗಳನ್ನ ಬಿಟ್ಕೊಡ್ತಾ ಇದ್ರೆ ಆ ದೇಹ 140 ಕೇಳ್ತಿದೆ ಅಂತ ಅರ್ಥ.

ಈಗ ರಿಸಲ್ಟ್. ಯುಡಿ ಅಂದ್ರೆ ಮೂರೂ ಜಡ್ಜ್ ಒಬ್ಬನಿಗೇ ಕೊಟ್ರು, ಎಂಡಿ ಅಂದ್ರೆ ಇಬ್ಬರು ಕೊಟ್ರು ಮೂರನೆಯವರು ಡ್ರಾ ಅಂದ್ರು, ಎಸ್‌ಡಿ ಅಂದ್ರೆ ಇಬ್ಬರು ಒಬ್ಬನಿಗೆ ಮೂರನೆಯವರು ಇನ್ನೊಬ್ಬನಿಗೆ, ಎತ್ತು ಏರಿಗೆ ಕೋಣ ನೀರಿಗೆ. ಆರ್‌ಟಿಡಿ ಅಂದ್ರೆ ಎರಡು ರೌಂಡುಗಳ ಮಧ್ಯದ ಬ್ರೇಕಲ್ಲಿ ಸ್ಟೂಲಿಂದ ಏಳ್ಲಿಲ್ಲ. ಸ್ಕೋರ್ ಓದೋದು ಸುಲಭ, ರೌಂಡ್ ಗೆದ್ದೋನಿಗೆ 10, ಸೋತೋನಿಗೆ 9, ಕೆಳಗೆ ಬಿದ್ರೆ ಸಾಮಾನ್ಯವಾಗಿ 8. ಹನ್ನೆರಡು ರೌಂಡಲ್ಲಿ 115-113 ಅಂದ್ರೆ ಏಳು ರೌಂಡು ಐದು ರೌಂಡು, 118-110 ಅಂದ್ರೆ ಹತ್ತು ಎರಡು. ಎರಡೂ ಯುಡಿನೇ, ಆದ್ರೆ ಒಂದು ಎಳೆದಾಟ, ಇನ್ನೊಂದು ಪಾಠ. ಎಸ್‌ಡಿ ಸೋಲನ್ನ ಪೂರ್ತಿ ಸೋಲು ಅಂತ ಲೆಕ್ಕ ಹಾಕೋ ಮುಂಚೆ ಫೈಟ್ ನೋಡಿ, 1988ರಲ್ಲಿ ಪ್ಯಾರಿಸ್ ಪಕ್ಕ ಅಮೆರಿಕದ ಪರ್ನೆಲ್ ವಿಟಕರ್‌ಗೆ ಮೆಕ್ಸಿಕೊದ ಹೊಸೆ ಲೂಯಿಸ್ ರಮಿರೆಸ್ ಎದುರು ಬಂದ ಮೊದಲ ಸೋಲು ಎಸ್‌ಡಿ, ಅದನ್ನ ಒಪ್ಪೋರು ಇವತ್ತಿಗೂ ಸಿಗೋದು ಕಷ್ಟ, ಮುಂದಿನ ವರ್ಷ ಅದೇ ರಮಿರೆಸ್‌ನ ಸೋಲಿಸಿ 1990ರಲ್ಲಿ ಲೈಟ್‌ವೇಟ್‌ನ ಎಲ್ಲಾ ದೊಡ್ಡ ಬೆಲ್ಟೂ ಸೇರಿಸ್ಕೊಂಡ.

ನಾಕೌಟ್ ಅಂತ ಇದ್ರೂ ಕಣ್ಣು ಮುಚ್ಕೊಂಡು ನಂಬ್ಬೇಡಿ. 2018ರಲ್ಲಿ ಲೊಮಚೆಂಕೊ ಆಗಿನ ಲೈಟ್‌ವೇಟ್ ಚಾಂಪಿಯನ್ ಹೋರ್ಹೆ ಲಿನಾರೆಸ್‌ನ ಹತ್ತನೇ ರೌಂಡಲ್ಲಿ ಲಿವರ್‌ಗೆ ಹೊಡೆದು ಮುಗಿಸಿದ, ಪಟ್ಟಿ ನೋಡಿದ್ರೆ ಸಲೀಸು ಅನ್ಸುತ್ತೆ. ಆರನೇ ರೌಂಡಲ್ಲಿ ಲೊಮಚೆಂಕೊನೇ ಕೆಳಗೆ ಬಿದ್ದಿದ್ದ, ಆ ಹೊಡೆತ ಬೀಳೋ ಹೊತ್ತಿಗೆ ಒಬ್ಬ ಜಡ್ಜ್ ಇವನ ಕಡೆ, ಒಬ್ಬರು ಅವನ ಕಡೆ, ಮೂರನೆಯವರದು ಸಮ.

ಹಳೇ ಪಟ್ಟಿಗಳಲ್ಲಿ 15 ರೌಂಡ್ ಅಂತ ಕಂಡ್ರೆ ಟೈಪಿಂಗ್ ಮಿಸ್ಟೇಕ್ ಅಲ್ಲ. 1982ರ ನವೆಂಬರಲ್ಲಿ ಲೈಟ್‌ವೇಟ್ ಟೈಟಲ್‌ಗೆ ರೇ ಮನ್ಸಿನಿ ಎದುರು ಹದಿನಾಕನೇ ರೌಂಡಲ್ಲಿ ಬಿದ್ದ ಕೊರಿಯಾದ ಡುಕ್ ಕೂ ಕಿಮ್ ಕೆಲವೇ ದಿನದಲ್ಲಿ ತೀರ್ಕೊಂಡ, ಅದಾದ ಮೇಲೆ ಮೊದಲು ಡಬ್ಲ್ಯುಬಿಸಿ, ಆಮೇಲೆ ಟೈಟಲ್ ಕೊಡೋ ಉಳಿದ ಸಂಸ್ಥೆಗಳು 12ಕ್ಕೆ ಇಳಿಸಿದ್ರು. ಹೆಣ್ಮಕ್ಕಳ ಪಟ್ಟಿ ಓದೋವಾಗ ಅವರ ಟೈಟಲ್ ಫೈಟು ಸಾಮಾನ್ಯವಾಗಿ ಎರಡು ನಿಮಿಷದ ಹತ್ತು ರೌಂಡು ಅನ್ನೋದು ನೆನಪಿರ್ಲಿ, ಗಂಡಸರಿಗೆ 36 ನಿಮಿಷ ಅವರಿಗೆ 20, ಹಂಗಾಗಿ ಐರ್ಲೆಂಡಿನ ಚಾಂಪಿಯನ್ ಕೇಟಿ ಟೇಲರ್‌ಗೆ ನಾಕೌಟ್ ಕಮ್ಮಿ ಅಂತ ಕೊಂಕು ತೆಗೆಯೋರಿಗೆ ಗಡಿಯಾರ ತೋರಿಸಿ.

ತಾರೀಕುಗಳ ಮಧ್ಯದ ಗ್ಯಾಪ್ ಕೂಡ ನೋಡಿ. ಒಂದೂವರೆ ವರ್ಷ ಖಾಲಿ ಇದ್ರೆ ಗಾಯ, ಇಲ್ಲ ಪ್ರೊಮೋಟರ್ ಜೊತೆ ಜಗಳ. ಎರಡು ವಾರಕ್ಕೊಂದು ಫೈಟ್ ಇದ್ರೆ ಯಾರೋ ಕೊನೇ ಗಳಿಗೇಲಿ ಫೋನ್ ಮಾಡಿದಾರೆ, ಇವನಿಗೆ ದುಡ್ಡು ಬೇಕಿತ್ತು. ಸಿಗೋ ದುಡ್ಡಲ್ಲಿ ಮ್ಯಾನೇಜರ್‌ಗೆ ಮೂರನೇ ಒಂದು ಭಾಗದವರೆಗೂ ಹೋಗ್ಬಹುದು, ಟ್ರೇನರ್‌ಗೆ ವಾಡಿಕೆ ಪ್ರಕಾರ ಹತ್ತು ಪರ್ಸೆಂಟು, ಉಳಿದಿದ್ದರಲ್ಲಿ ಜಿಮ್ಮು, ಡಾಕ್ಟರು, ಮನೆ.

ಇನ್ನು ಸೊನ್ನೆ ವಿಷಯ. 2020ರ ಅಕ್ಟೋಬರಲ್ಲಿ ಟಿಯೊಫಿಮೊ ಲೋಪೆಸ್ ಲೊಮಚೆಂಕೊನ ಸೋಲಿಸಿ 16-0 ಆದ, ಮೊದಲನೇ ಡಿಫೆನ್ಸಲ್ಲೇ (ಗೆದ್ದ ಟೈಟಲ್ ಉಳಿಸ್ಕೊಳ್ಳೋ ಫೈಟು) ಆಸ್ಟ್ರೇಲಿಯಾದ ಜಾರ್ಜ್ ಕಂಬೊಸೊಸ್ ಕೈಲಿ ಸೋತ. ಕಂಬೊಸೊಸ್ 20-0 ಆದ, ಅವನೂ ಮೊದಲನೇ ಡಿಫೆನ್ಸಲ್ಲೇ, 2022ರ ಜೂನಲ್ಲಿ ಮೆಲ್ಬರ್ನಲ್ಲಿ, ಡೆವಿನ್ ಹೇನಿಗೆ ಬೆಲ್ಟೆಲ್ಲಾ ಕೊಟ್ಟ. ಇಪ್ಪತ್ತು ತಿಂಗಳೂ ಆಗಿರ್ಲಿಲ್ಲ. ಒಳ್ಳೆಯವರು ಒಳ್ಳೆಯವರ ಜೊತೆ ಆಡಿದ್ರೆ ಯಾರದೋ ಒಂದು ಸೊನ್ನೆ ಹೋಗ್ಲೇಬೇಕಲ್ಲ.

ಅದಕ್ಕೇ ಪಟ್ಟಿ ಓದಿ ಮುಗಿಸಿದ ಮೇಲೆ ವಿಡಿಯೋ ನೋಡೋಕೆ ಟೈಮ್ ಇರೋದು ಎರಡಕ್ಕೆ ಅಂದ್ರೆ, ಮೊದಲನೇ ಸೋಲು ನೋಡಿ, ಆಮೇಲೆ ಅದೇ ಎದುರಾಳಿ ಜೊತೆ ಮತ್ತೆ ಆಡಿದ್ರೆ ಅದನ್ನ ನೋಡಿ. ಪನಾಮದ ಹಳೇ ಲೈಟ್‌ವೇಟ್ ಚಾಂಪಿಯನ್ ರೊಬೆರ್ಟೊ ಡುರಾನ್ ಪೇಜಲ್ಲಿ 119 ಫೈಟ್, 16 ಸೋಲು. ಹೆದರ್ಬೇಡಿ, ಅದರಲ್ಲಿ ಹದಿನೈದು ಲೈಟ್‌ವೇಟ್ ಬಿಟ್ಟು ಮೇಲಕ್ಕೆ ಹೋದಮೇಲೆ ಬಂದಿದ್ದು, 50 ವಯಸ್ಸಾಗೋವರೆಗೂ ಆಡಿದ್ರೆ ಇನ್ನೇನಾಗುತ್ತೆ. ಉಳಿದ ಒಂದು 1972ರ ನವೆಂಬರ್, ಎಸ್ಟೆಬಾನ್ ಡಿ ಹೆಸುಸ್, ಟೈಟಲ್ ಇಲ್ಲದ ಹತ್ತು ರೌಂಡ್. ಮೊದಲ ರೌಂಡಲ್ಲೇ ಎಡಗೈ ಹುಕ್ ತಿಂದು ಡುರಾನ್ ಕೆಳಗೆ ಬಿದ್ದ, ಪಾಯಿಂಟ್ಸಲ್ಲಿ ಸೋತ. 1974ರ ಮಾರ್ಚಲ್ಲಿ ಪನಾಮದಲ್ಲಿ ಮತ್ತೆ ಅವನೇ ಎದುರಿಗೆ, ಮತ್ತೆ ಮೊದಲ ರೌಂಡು, ಮತ್ತೆ ಅದೇ ಎಡಗೈ ಹುಕ್ಕು, ಡುರಾನ್ ಮತ್ತೆ ಕೆಳಗೆ. ಎದ್ದ. ಹನ್ನೊಂದನೇ ರೌಂಡಲ್ಲಿ ಏಳಕ್ಕಾಗದೇ ಎಣಿಸ್ಕೊಂಡೋನು ಡಿ ಹೆಸುಸ್.